ಮಾಸ್ಟರ್ ಕೈಗೆ ಬೇಡಿ

ನಮ್ಮ ಮನೆಯವರ ಪಾದಗಳನ್ನು ನೋಡದ ಪ್ರೇಕ್ಷಕನಿಲ್ಲ. ಮುಖ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಸಿನಿಮಾದಲ್ಲಿ ಡಾನ್ಸ್ ಮಾಸ್ಟರ್ ಆಗಿದ್ದವರು. ಕುಣಿಯಲಾರದ ನಾಯಕ ನೆಲ ಡೊಂಕೆಂದಾಗಲೆಲ್ಲ ಇವರೇ ಅವನ ಪ್ಯಾಂಟು ತೊಟ್ಟು ಕುಣಿಯಬೇಕು, ಕ್ಯಾಮೆರಾ ಮೊಣಕಾಲಿನ ಕೆಳಗಷ್ಟೇ ನೋಡಬೇಕು. ಚಪ್ಪಾಳೆಯೆಲ್ಲ ಮೊಣಕಾಲಿನ ಮೇಲಿನವನಿಗೆ.

ಇದಕ್ಕೆ ಹೊಟ್ಟೆ ಉರಿದುಕೊಂಡವರು ಅತ್ತೆ. ಮಗನಿಗೆ ಆರು ವರ್ಷವಿದ್ದಾಗ ಜ್ವರ ಬಂದು ಅತ್ತೆಯ ಕಿವಿ ಹೋಗಿತ್ತು. ಅಂದಿನಿಂದ ಮಗ ಅಮ್ಮನ ಜೊತೆ ಕೈಯಲ್ಲೇ ಮಾತಾಡಿ ಬೆಳೆದರು. ಹಸಿವು, ನಪಾಸಾದದ್ದು, ನನ್ನನ್ನು ಮದುವೆಯಾಗುವ ಸಂಗತಿ, ಎಲ್ಲ ಕೈಯಲ್ಲೇ. ಆಗ ನನ್ನ ಮೂಗಿಗೆ ಮಾಡಿದ ಸನ್ನೆಯನ್ನು ನಾನಿನ್ನೂ ಕ್ಷಮಿಸಿಲ್ಲ.

"ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ನಿನ್ನ ಮುಖ ಪರದೆ ಮೇಲೆ ನೋಡ್ಬೇಕು ಕಣೋ," ಎಂದು ಅತ್ತೆ ದಿನವೂ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ನಲವತ್ತೇಳಕ್ಕೆ ಮೊಣಕಾಲು ಕೈಕೊಟ್ಟಿತು. ಅದೇ ತಿಂಗಳು, ಇವರು ಕುಣಿಯುವವರನ್ನು ಬೈಯುವುದನ್ನು ಕಂಡ ಒಬ್ಬ ನಿರ್ದೇಶಕ, "ಎಂಥಾ ಮುಖ ಸಾರ್ ನಿಮ್ದು! ನನ್ನ ಖಳನಾಯಕ ನೀವೇ," ಎಂದ. ಅತ್ತೆ ಮನೆಮನೆಗೂ ಹೋಗಿ ಕೂಗಿ ಬಂದರು.

ಶೂಟಿಂಗಿನ ಮೊದಲ ದಿನವೇ ಎಡವಟ್ಟು. ಹೇಳಬೇಕಾದ ಮಾತು, "ನನ್ನ ಮಗಳು ಆ ಬಾಗಿಲು ದಾಟಿದ್ರೆ ಮನೆ ಸುಟ್ಟುಬಿಡ್ತೀನಿ." ಮಗಳೆನ್ನುವಾಗ ಇವರು ಗಾಳಿಯಲ್ಲಿ ಜಡೆ ಹೆಣೆದರು, ಬಾಗಿಲೆನ್ನುವಾಗ ಎರಡೂ ಕೈಯಲ್ಲಿ ಕದ ತೆರೆದರು, ಸುಡುವ ಹೊತ್ತಿಗೆ ಹತ್ತು ಬೆರಳೂ ಉರಿದವು. ಲೈಟಿನವರು ಬಿದ್ದು ಬಿದ್ದು ನಕ್ಕರು. ಕೈಗೊಂದು ತಟ್ಟೆ ಕೊಟ್ಟರೆ ತಟ್ಟೆಯೂ ಕುಣಿಯಿತು.

"ಮಾಸ್ಟರ್, ಇದು ಡಾನ್ಸ್ ಅಲ್ಲ, ನಟನೆ!" ಎಂದು ನಿರ್ದೇಶಕ ತಲೆ ತಲೆ ಚಚ್ಚಿಕೊಂಡ. ಹದಿನೇಳನೇ ಟೇಕಿನ ನಂತರ ಕಥೆಯನ್ನೇ ತಿದ್ದಿದ. ಖಳನಾಯಕ ಮೊದಲ ದೃಶ್ಯದಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಕೈ ಹಿಂದಕ್ಕೆ ಮಾಡಿ ಬೇಡಿ ತೊಡಿಸಿದರು. ಇಡೀ ಸಿನಿಮಾ ಬೇಡಿಯಲ್ಲೇ ಮುಗಿಯಿತು.

ಬಿಡುಗಡೆಗೆ ಮೊದಲೇ ಅದನ್ನು ನೋಡಿದ ಪತ್ರಿಕೆಯವರು ಹೊಗಳಿದ್ದೇ ಹೊಗಳಿದ್ದು. ಎಂಥ ಸಂಯಮ, ಎಂಥ ನಿಶ್ಚಲತೆ! ಕೂಡಲೇ ಇನ್ನೂ ಮೂರು ಪಾತ್ರ ಬಂದವು: ಒಬ್ಬ ಕೈದಿ, ಲಕ್ವ ಹೊಡೆದ ಒಬ್ಬ ನ್ಯಾಯಾಧೀಶ, ಒಂದು ಹೆಣ. ನಮ್ಮವರು ಮನೆಯಲ್ಲೂ ಕೈ ಹಿಂದೆ ಕಟ್ಟಿಕೊಂಡು ಓಡಾಡತೊಡಗಿದರು. ಉಪ್ಪು ಬೇಕಾದರೆ ಹುಬ್ಬಲ್ಲೇ ಕೇಳುವರು. ನಟರಾದ ಮೇಲೆ ಕೇಳಬೇಕೆ!

ಬಿಡುಗಡೆಯ ದಿನ ಅತ್ತೆಯನ್ನು ನಡುವೆ ಕೂರಿಸಿಕೊಂಡೆವು. ಮಗನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂದಾಗ ಅವರು ನನ್ನ ಕೈ ಹಿಡಿದು ಅತ್ತೇಬಿಟ್ಟರು. ನನಗೂ ಕಣ್ಣು ತುಂಬಿತು. ಆಮೇಲೆ ಆ ಮುಖ ಮಾತಾಡತೊಡಗಿತು. ಅತ್ತೆ ಮುಂದಕ್ಕೆ ಬಾಗಿದರು, ಕನ್ನಡಕ ಒರೆಸಿಕೊಂಡರು, ಪರದೆಯ ಮೇಲೆ ಏನನ್ನೋ ಹುಡುಕಿದರು. ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದಿದ್ದಾಗ ಅವರ ದನಿ ಮೊಳಗಿತು.

"ಯಾರೋ ನಿನ್ನ ಬಾಯಿ ಕಟ್ಟಿದ್ದು? ನನಗೊಂದೂ ಗೊತ್ತಾಗ್ತಿಲ್ವಲ್ಲೋ ಮಗಾ!"

ಉತ್ತರ ಹೇಳಲು ನಮ್ಮವರು ಎರಡೂ ಕೈ ಎತ್ತಿದರು. ಅಷ್ಟರಲ್ಲಿ ಮುಂದಿನ ಮೂರು ಸಾಲಿನವರು ತಿರುಗಿ ಹೊಸ ನಟನನ್ನು ನೋಡಿದರು. ಕೈಗಳು ಮೆಲ್ಲನೆ ಇಳಿದು ಜೇಬು ಸೇರಿದವು.

ಆ ಜೇಬನ್ನೇ ಹರಿದುಹಾಕುವಷ್ಟು ಸಿಟ್ಟು ಬಂತು ನನಗೆ. ಬಂದಷ್ಟು ಸನ್ನೆಯಲ್ಲಿ ನಾನೇ ಕಥೆ ಹೇಳಲು ಹೊರಟೆ. ಅತ್ತೆ ನನ್ನತ್ತ ತಿರುಗಲಿಲ್ಲ. ಪರದೆಯನ್ನೂ ನೋಡಲಿಲ್ಲ. ಸಿನಿಮಾ ಮುಗಿಯುವವರೆಗೂ ಮಗನ ಜೇಬುಗಳನ್ನೇ ನೋಡುತ್ತ ಕೂತಿದ್ದರು.