ಮುದ್ದುವಿನ ಎಲೆ

"ಅವನ ಹೆಸರಿಗೆ ಎಲೆ ಹಾಕಲಿಕ್ಕೆ ನಾನು ಬಿಡುವುದಿಲ್ಲ," ಎಂದಳು ಬಾಗಿ. ಬಾಳೆಲೆಗಳನ್ನು ಅಣ್ಣ ನೋಣಯ್ಯನ ಕೈಗೆ ಕೊಡದೆ ಎದೆಗವಚಿಕೊಂಡು ನಿಂತಿದ್ದಳು.

ಆಟಿ ತಿಂಗಳು, ಆಷಾಢದ ಮಳೆ. ಕಂಕನಾಡಿಯ ಆ ಹಂಚಿನ ಮನೆಯಲ್ಲಿ ಕುಲೆಗಳಿಗೆ, ಅಂದರೆ ಮನೆಯಲ್ಲಿ ತೀರಿಕೊಂಡವರಿಗೆ, ಬಡಿಸುವ ದಿನ. ಈ ಸಲ ಬಾಗಿಯ ಮಗ ಮುದ್ದುವಿಗೂ ಒಂದು ಎಲೆ ಹಾಕಲೇಬೇಕೆಂದು ನೋಣಯ್ಯನ ಹಟ. ಮುದ್ದು ರಂಗೂನಿನ ಅಕ್ಕಿ ಗಿರಣಿಯಲ್ಲಿದ್ದ. ಯುದ್ಧದಲ್ಲಿ ಅಲ್ಲಿ ಬಾಂಬು ಬಿದ್ದ ಮೇಲೆ ಜನ ಕಾಡುದಾರಿ ಹಿಡಿದು ನಡೆದು ಬಂದರಲ್ಲ, ಅವರಲ್ಲಿ ನೆರೆಮನೆಯ ಇಸಿದೋರ್ ಊರು ಮುಟ್ಟಿದ, ಮುದ್ದು ಮುಟ್ಟಲಿಲ್ಲ. ಜ್ವರ ಬಂದು ಒಂದು ಮರದಡಿ ಕೂತವನನ್ನು ಬಿಟ್ಟು ಬಂದೆ ಎಂದಷ್ಟೇ ಇಸಿದೋರ್ ಹೇಳಿದ್ದು. ಆಮೇಲೆ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿತ್ತು.

"ಅವ ಹಸಿದು ಹೊರಗೆ ನಿಂತಿದ್ದಾನೆ ಬಾಗೀ. ನಾಯಿ ದಾರಿ ನೋಡಿಕೊಂಡು ಊಳಿಡುವುದು ನಿನಗೆ ಕೇಳುವುದಿಲ್ಲವಾ?"

"ಸತ್ತದ್ದನ್ನು ಕಂಡವರು ಯಾರು? ಬದುಕಿದ ಮಗನಿಗೆ ಸತ್ತವರ ಎಲೆ ಹಾಕಿದರೆ ನಾನೇ ಕೊಂದ ಹಾಗೆ ಅಲ್ಲವಾ ಅಣ್ಣ?"

ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಚೀನಾದ ಹಲ್ಲು ಡಾಕ್ಟರು ಚೆನ್ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಅವರ ತಂದೆ ಅಲ್ಲಿನ ಊರಲ್ಲಿ ಮಕ್ಕಳಿಗೆ ಹಳೆಯ ಗ್ರಂಥಗಳ ಪಾಠ ಹೇಳುತ್ತಿದ್ದರಂತೆ. ಮಗ ಹಿಡಿದದ್ದು ಇಕ್ಕಳ, ಆದರೆ ಪಾಠ ನಾಲಗೆ ಬಿಟ್ಟಿರಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಅವರಿಂದಾಗದ ಕೆಲಸ.

"ಬಾಗಿ ಅಕ್ಕ, ನಮ್ಮಲ್ಲಿ ಮೂರು ಮಾತು ಉಂಟು," ಎಂದರು. "ರೆನ್ ಅಂದರೆ ಕರುಳು. ಜಿ ಅಂದರೆ ತಿಳಿವು. ಸತ್ತವರನ್ನು ಪೂರಾ ಸತ್ತರು ಅಂತ ಬಿಟ್ಟರೆ ರೆನ್ ಇಲ್ಲ. ಪೂರಾ ಬದುಕಿದ್ದಾರೆ ಅಂತ ನಡೆದುಕೊಂಡರೆ ಜಿ ಇಲ್ಲ. ನಡುವೆ ಮನುಷ್ಯ ಎಂತ ಮಾಡುವುದು? ಅದಕ್ಕೇ ಲಿ."

"ಲಿ ಅಂದರೆ ಎಂತ ಮಾರಾಯ್ರೇ?" ನೋಣಯ್ಯ ಕೇಳಿದ.

"ಕ್ರಮ. ನೀವು ಎಲೆ ಹಾಕ್ತೀರಿ, ಹೆಸರು ಕರೀತೀರಿ, ಬಾಗಿಲು ಹಾಕ್ತೀರಿ. ಬಂದರಾ ಇಲ್ಲವಾ, ಲಿ ಕೇಳುವುದಿಲ್ಲ. ಸರಿ ಬಡಿಸಿದೆಯಾ ಅಂತ ಮಾತ್ರ ಕೇಳ್ತದೆ. ನಮ್ಮಲ್ಲಿ ಹಿಂದೆ ಗೋರಿಯೊಳಗೆ ವೀಣೆ ಇಡ್ತಿದ್ರು. ತಂತಿ ಉಂಟು, ಶ್ರುತಿ ಮಾಡುವುದಿಲ್ಲ. ಕೊಡುವುದೂ ಹೌದು, ಸತ್ತವರು ನುಡಿಸ್ತಾರೆ ಅಂತ ನಂಬುವುದೂ ಇಲ್ಲ."

ಬಾಗಿ ಅವರನ್ನೇ ನೋಡಿದಳು. "ಊರಲ್ಲಿ ನಿಮ್ಮ ಅಮ್ಮ ಇದ್ದರಲ್ಲ. ಸುದ್ದಿ ಉಂಟಾ?"

"ಜಪಾನಿನವರು ಬಂದ ಮೇಲೆ ಇಲ್ಲ."

"ನೀವು ಬಡಿಸಿದಿರಾ?"

ಚೆನ್ ತಮ್ಮ ಕೈಬೆರಳುಗಳನ್ನು ನೋಡಿಕೊಂಡರು. "ಇಲ್ಲ ಅಕ್ಕ. ಧೈರ್ಯ ಬರ್ಲಿಲ್ಲ."

ಅವರು ಸುಳ್ಳು ಹೇಳಿದ್ದರೆ ಬಾಗಿ ಒಳಗೆ ಹೋಗಿ ಕದವಿಕ್ಕಿಕೊಳ್ಳುತ್ತಿದ್ದಳೋ ಏನೋ. ಈಗ ಎಲೆಗಳನ್ನು ಕೆಳಗಿಟ್ಟಳು. ಮುದ್ದುವಿಗೂ ಒಂದು ಇರಲಿ, ಆದರೆ ಸತ್ತವರಿಗೆ ಹಾಕುವ ಹಾಗೆ ತುದಿ ತಿರುಗಿಸಿ ಅಲ್ಲ, ಮನೆಯವರು ಉಣ್ಣಲು ಕೂತಾಗ ಹಾಕುವ ಹಾಗೆ ಎಂದಳು. ಕುಲೆಗಳ ಸಾಲಿನಲ್ಲಿ ಅಂಥದೊಂದು ಎಲೆಯನ್ನು ನೋಣಯ್ಯ ಕಂಡವನಲ್ಲ. ಗೊಣಗಿಕೊಂಡೇ ಒಪ್ಪಿದ.

ಮುಸ್ಸಂಜೆಗೆ ಎಲೆಗಳ ಮೇಲೆ ಒಣ ರೊಟ್ಟಿ, ಕೋಳಿ ಸಾರಿನ ಪದಾರ್ಥ ಬಿತ್ತು, ಪಕ್ಕದಲ್ಲಿ ಚೆಂಬಿನಲ್ಲಿ ನೀರು. ನೋಣಯ್ಯ ಅಪ್ಪ, ಅಮ್ಮ, ದೊಡ್ಡಮ್ಮ ಎಂದು ಒಬ್ಬೊಬ್ಬರನ್ನೇ ಕರೆದು, ಕೊನೆಯ ಎಲೆಯ ಹತ್ತಿರ ನಿಂತು ತಂಗಿಯ ಕಡೆ ತಿರುಗಿದ. ಬಾಗಿ ಕರೆದಳು, ಅಂಗಳದಲ್ಲಿ ಆಡುವವನನ್ನು ಊಟಕ್ಕೆ ಕರೆಯುವ ಹಾಗೆ, ಗಟ್ಟಿಯಾಗಿ:

"ಮುದ್ದೂ! ಬಲ ಮಗಾ, ವಣಸ್‌ಗ್!"

ಬಾಗಿಲು ಹಾಕಿಕೊಂಡು ಮೂವರೂ ಜಗಲಿಯಲ್ಲಿ ಕೂತರು. ಕುಲೆಗಳು ಉಣ್ಣುವಾಗ ಯಾರೂ ನೋಡಬಾರದು. ಎಲೆ ಮುಟ್ಟದೆ ಇರಲಿ, ಅವನು ಆ ಸಾಲಿಗೆ ಬಾರದೆ ಇರಲಿ ಎಂದು ಬಾಗಿ ತುಟಿಯಲ್ಲೇ ಬೇಡುತ್ತಿದ್ದಳು. ಒಳಗೆ ಚೆಂಬು ನೆಲಕ್ಕೆ ತಾಗಿದ ಹಾಗೆ ಒಂದು ಸದ್ದಾಯಿತು. ಮೂವರಿಗೂ ಕೇಳಿಸಿತು. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಕೊನೆಗೆ ನೋಣಯ್ಯ ಒಳಗಿದ್ದವರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆರೆದ. ಚೆಂಬು ಇಟ್ಟಲ್ಲೇ ಇತ್ತು. ಎಲೆಗಳೂ ಬಡಿಸಿದ ಹಾಗೇ ಇದ್ದವು.

ಬಾಗಿ ಮುದ್ದುವಿನ ಎಲೆಯನ್ನಲ್ಲದೆ ಬೇರೆ ಯಾವುದನ್ನೂ ನೋಡಲಿಲ್ಲ. "ಮುಟ್ಟಲಿಲ್ಲ! ನೋಡಿದಿರಾ ಡಾಕ್ಟ್ರೇ, ಅವ ಬರಲಿಲ್ಲ. ನನ್ನ ಮಗ ಬದುಕಿದ್ದಾನೆ ಅಣ್ಣ!" ಎಂದು ಜೋರಾಗಿ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳದೆ ಎಷ್ಟು ಕಾಲವಾಗಿತ್ತೋ.

ನಗುತ್ತಲೇ ಎಲೆ ಎತ್ತಲು ಬಗ್ಗಿದಳು. ಪದಾರ್ಥದ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ರೊಟ್ಟಿಯ ಒಂದು ಚೂರೂ ಮುರಿದಿರಲಿಲ್ಲ. ಬಾಗಿ ಬಗ್ಗಿದವಳು ಹಾಗೇ ನಿಂತಳು.

"ಏನೂ ಉಣ್ಣಲಿಲ್ಲ," ಎಂದಳು.

ಎಲೆಯ ಮುಂದೆ ಕೂತು ರೊಟ್ಟಿಯನ್ನು ಸಣ್ಣಗೆ ಮುರಿದು ಪದಾರ್ಥದಲ್ಲಿ ಅದ್ದತೊಡಗಿದಳು. "ಅವನಿಗೆ ಗಟ್ಟಿ ರೊಟ್ಟಿ ಆಗುವುದಿಲ್ಲ. ನಾನೇ ನೆನೆಸಿ ಕೊಡಬೇಕಿತ್ತು. ನನಗೆ ಮರೆತೇ ಹೋಯಿತು."

"ಬಾಗೀ..." ಎಂದ ನೋಣಯ್ಯ.

"ಬಾಗಿಲು ಹಾಕು ಅಣ್ಣ," ಎಂದು ಕೈ ಒರೆಸಿಕೊಳ್ಳುತ್ತ ಅವಳು ಹೊರಗೆ ಬಂದಳು. "ಇನ್ನು ಸ್ವಲ್ಪ ಹೊತ್ತು ಕಾಯುವ."

ನೋಣಯ್ಯ ಬಾಗಿಲೆಳೆದ. ಚೆನ್ ಜಗಲಿಯಲ್ಲಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.