ಕೇಳಿ ಮುಟ್ಟುವ ವೈಜಯಂತಿ

ಮುಟ್ಟುವುದೇ ಕಸುಬಾದರೂ ಕೇಳದೆ ಯಾರನ್ನೂ ಮುಟ್ಟದವಳು ವೈಜಯಂತಿ. ಕಾರವಾರದ ಖಾಸಗಿ ಆಸ್ಪತ್ರೆಯೊಂದರ ಫಿಸಿಯೋಥೆರಪಿ ಕೋಣೆಯಲ್ಲಿ, ಬೋರಲಾಗಿ ಮಲಗಿ ನರಳುವವನ ಪಕ್ಕ ನಿಂತು, ಮೊಳಕೈವರೆಗೆ ಮಡಚಿದ ಬಿಳಿ ಕೋಟಿನ ತೋಳನ್ನು ಇನ್ನಷ್ಟು ಮೇಲೆಳೆದುಕೊಂಡು, "ಕೈ ಹಚ್ಚಲಾ?" ಎನ್ನುತ್ತಾಳೆ. "ಅದಕ್ಕೇ ಬಂದದ್ದಲ್ರಾ!" ಎಂದು ರೋಗಿ ರೇಗಿದರೂ, ಆತ ಹೂಂ ಎನ್ನುವವರೆಗೆ ಆ ಕೈ ಕದಲುವುದಿಲ್ಲ. ಕುತ್ತಿಗೆ ನೋವಿಗೆಂದು ಹೋಗುತ್ತಿದ್ದ ನನಗೆ ಮೊದಮೊದಲು ನಗು ಬರುತ್ತಿತ್ತು. ಬರಬರುತ್ತಾ ಆ ಪ್ರಶ್ನೆಗಾಗಿಯೇ ಕಾಯತೊಡಗಿದೆ.

ಅಂಕೋಲಾ ಬದಿಯ ಹಟ್ಟಿಕೇರಿಯ ಹೆಣ್ಣು. ಹಸಿ ಮರಳಿನ ಮೇಲೆ ನಡೆಯುವವರಂತೆ ಹೆಬ್ಬೆರಳೂರಿ ದಾಪುಗಾಲಿಡುತ್ತಾಳೆ. ಪರದೆ ಎಳೆದಳೆಂದರೆ ಗಂಡನಿರಲಿ, ಅತ್ತೆಯಿರಲಿ, ರೋಗಿ ಬೇಡವೆಂದರೆ ಹೊರಗೇ ನಿಲ್ಲಬೇಕು.

ಮೀನಿನ ಬೋಟಿನಲ್ಲಿ ಬಲೆ ಎಳೆಯುವ ದೇವ ಎಂಬಾತನ ಬೆನ್ನು ಹಿಡಿದುಕೊಂಡಾಗ ಆತನನ್ನು ಕಾರಿನಲ್ಲಿ ಕರೆತಂದವನು ಬೋಟಿನ ಮಾಲೀಕ ಸಂಕೇತ. ತಪಾಸಣೆ ಮುಗಿದದ್ದೇ ವೈಜಯಂತಿಯನ್ನು ಬಾಗಿಲಲ್ಲಿ ತಡೆದ.

"ಇವ್ನ ಬೆನ್ನು ಇನ್ನು ಬಲೆ ಎಳೀತದಾ? ಇಲ್ದಿದ್ರೆ ನಾ ಬೇರೆಯವ್ನ ನೋಡ್ಬೇಕು."

"ದೇವಣ್ಣನ್ನೇ ಕೇಳಿ."

"ಕರಕಂಬಂದೋನು ನಾನು!"

"ಕರಕಂಬಂದೋರು ನೀವು. ಬೆನ್ನು ಅವ್ರದು."

ಸಂಕೇತನಿಗೆ ಆಸ್ಪತ್ರೆಯ ಹಿರಿಯ ವೈದ್ಯರು ಸ್ನೇಹಿತರು. ಸಂಜೆಯೊಳಗೆ ವೈಜಯಂತಿಗೆ ಅವರ ಕೋಣೆಯಿಂದ ಕರೆ ಬಂತು. ಒಂದು ಮಾತು ಹೇಳಿದರೆ ನಿನ್ನದೇನು ಹೋಗುತ್ತದೆ ಎಂದು ಅವರು ಗದರಿದರು. "ನಾಳೆಯಿಂದ ಯಾರೂ ನಂಬಿ ನನ್ನ ಹತ್ರ ನೋವು ಹೇಳೂದಿಲ್ಲ ಸರ್. ಅದು ಹೋಗ್ತದೆ," ಎಂದಳು, ನಿಂತಲ್ಲೇ ನಿಂತಳು.

ಮರುದಿನ, ಗಂಡನಿಂದ ವಿಷಯ ತಿಳಿದ ದೇವನ ಹೆಂಡತಿ ಮಂಜಿ ಬಂದು ಆಕೆಯ ಎರಡೂ ಕೈ ಹಿಡಿದುಕೊಂಡಳು. "ತಂಗಿ, ಬೆನ್ನು ಸರಿ ಅದೆ ಅಂತ ಸಾವ್ಕಾರ್ರಿಗೆ ಒಂದ್ಮಾತು ಹೇಳೇ. ನಾವೂ ನಿಮ್ಮ ಬದಿಯವ್ರೇ."

ವೈಜಯಂತಿ ಕೈ ಬಿಡಿಸಿಕೊಳ್ಳಲಿಲ್ಲ. "ಸುಳ್ಳು ಹೇಳೂದಿಲ್ಲ ಅಕ್ಕ. ಬಲೆ ಎಳೀವಾಗ ಕಾಲು ಸೋತ್ರೆ, ಸಮುದ್ರದಲ್ಲಿ ಹಿಡ್ಕಳೂಕೆ ನಾನಿರೂದಿಲ್ಲ."

ನಿನ್ನ ಕೈ ಸೇದಿಹೋಗಲಿ ಎಂದು ಶಪಿಸಿ ಮಂಜಿ ಅಳುತ್ತಲೇ ಹೊರಟುಹೋದಳು.

ದೇವನ ಮುಂದೆ ಮಾತ್ರ ವೈಜಯಂತಿ ತಪಾಸಣೆಯ ದಿನವೇ ಸ್ಟೂಲೆಳೆದು ಕೂತು ಏನನ್ನೂ ಮುಚ್ಚಿಟ್ಟಿರಲಿಲ್ಲ. ಸೊಂಟದ ನರ ಒತ್ತಿಹೋಗಿ ಕಾಲಿನ ಬಲ ಕುಂದುತ್ತಿದೆ, ಇನ್ನು ಬಲೆ ಎಳೆಯುವುದು ಅಪಾಯ. ವ್ಯಾಯಾಮ ತಪ್ಪಿಸದಿದ್ದರೆ ಮುಂದೆ ಚುಕ್ಕಾಣಿ ಹಿಡಿಯಬಹುದು. "ಯಾರಿಗೆ ಹೇಳೂದು, ಬಿಡೂದು ನಿಮ್ಮ ಮನಸು." ಇದನ್ನೆಲ್ಲ ನನಗೆ ಹೇಳಿದವನೂ ದೇವನೇ, ಆಕೆಯ ಬಾಯಿಂದಾದರೆ ಒಂದಕ್ಷರವೂ ಹೊರಬೀಳುತ್ತಿರಲಿಲ್ಲ.

ದೇವ ತಾನೇ ಬಂದರಿಗೆ ಹೋಗಿ, ಜೊತೆಗಾರರೆಲ್ಲರ ಎದುರು ಸಂಕೇತನಿಗೆ ಹೇಳಿದ: "ಬಲೆ ಎಳೆಯೂಕೆ ಆಗೂದಿಲ್ಲ. ಚುಕ್ಕಾಣಿ ನಾ ಹಿಡೀತೆ. ಬೇಕಾದ್ರೆ ಇಟ್ಕಳಿ."

ಸಂಕೇತ ಇಟ್ಟುಕೊಳ್ಳಲಿಲ್ಲ. ಆ ಮಳೆಗಾಲವಿಡೀ ಅಂಕೋಲಾ ಪೇಟೆಯಲ್ಲಿ ಒಣಮೀನು ಮಾರಿ ಮಂಜಿಯೇ ಮನೆ ನಡೆಸಿದಳು. ಮತ್ತೆ ಬೋಟುಗಳು ಕಡಲಿಗಿಳಿದಾಗ ಅಂಕೋಲೆಯ ಬೋಟಿನ ಮಾಲೀಕರೊಬ್ಬರು ದೇವನನ್ನು ಚುಕ್ಕಾಣಿ ಹಿಡಿಯುವ ತಾಂಡೇಲನನ್ನಾಗಿ ಕರೆದುಕೊಂಡರು. ಮಂಜಿ ಮಾತ್ರ ಇಂದಿಗೂ ಬಸ್ ನಿಲ್ದಾಣದಲ್ಲಿ ವೈಜಯಂತಿಯನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಮಾತು ಕೇಳದ ತಪ್ಪಿಗೆ ಆಸ್ಪತ್ರೆಯವರು ವೈಜಯಂತಿಯನ್ನು ಕಿಟಕಿಯಿಲ್ಲದ ಹಿಂಬದಿಯ ಕೋಣೆಗೆ ದಬ್ಬಿದರು. ರೋಗಿಗಳು ಅಲ್ಲಿಗೇ ಹುಡುಕಿಕೊಂಡು ಹೋದರು.

ಬೇಸರವಾಗಲಿಲ್ಲವೇ ಎಂದು ಒಮ್ಮೆ ಕೇಳಿದೆ. "ಎಂತಕ್ಕೆ? ಕುತ್ತಿಗೆ ಸಡಿಲ ಬಿಡಿ," ಎಂದಳು.

ಇಂಥವರನ್ನು ಲೋಕ ಹಟಮಾರಿಗಳೆಂದು ಕರೆದು ಸುಮ್ಮನಾಗುತ್ತದೆ. ಬಲಾಢ್ಯನಿಗೆ ಇಲ್ಲವೆನ್ನುವ ಧೈರ್ಯ ಅಷ್ಟೇನೂ ಅಪರೂಪವಲ್ಲ. ಅದಕ್ಕೆ ಎಲ್ಲೋ ಒಂದು ಕಡೆ ಚಪ್ಪಾಳೆಯಾದರೂ ದಕ್ಕುತ್ತದೆ. ಎದುರು ನಿಂತು ಅಳುವ ನಿರ್ಗತಿಕಳಿಗೂ ಅಷ್ಟೇ ದೃಢವಾಗಿ ಇಲ್ಲವೆಂದು, ಅವಳ ಶಾಪವನ್ನು ಹೊತ್ತುಕೊಂಡೇ ಮರುದಿನ ಕೆಲಸಕ್ಕೆ ಬರುವವರು ವಿರಳ.