ಬಾಯಿಪಾಠದ ಅಳತೆ

ಸೈಕಲ್ ಸವಾರರ ನಡುವೆ ಅವನಿಗೆ ಮಿಲಿಮೀಟರ್ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಬೇರೆ ಮೆಕ್ಯಾನಿಕ್‌ಗಳು ಕಣ್ಣಳತೆಯಲ್ಲಿ ಏರಿಸಿ ಇಳಿಸುವ ಸೀಟಿಗೆ ಇವನು ಟೇಪು, ರಸಮಟ್ಟ, ತೂಗುಗುಂಡು ಹಿಡಿದು ಒಂದೂವರೆ ಗಂಟೆ ಕಳೆಯುತ್ತಿದ್ದ. ಸೊಂಟ ಹಿಡಿದುಕೊಂಡು ಬಂದವರು ಶಿಳ್ಳೆ ಹಾಕಿಕೊಂಡು ಹೋಗುತ್ತಿದ್ದರು. ಹಾಗಾಗಿ ಅವನಿಗೆ ಸ್ವಲ್ಪ ಜಂಬವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆ ದಿನ ಬೆಳಿಗ್ಗೆ ಅವನು ಬಗ್ಗಿ ಒಂದು ಚಕ್ರದ ಕಡ್ಡಿ ಬಿಗಿಯುತ್ತಿದ್ದಾಗ ತೆಳು ಟೈರಿನ ನೀಲಿ ರೋಡ್ ಬೈಕ್ ಸೈಕಲ್ಲೊಂದು ಹೊಸ್ತಿಲು ದಾಟಿ ಒಳಗೆ ಬಂತು. ಹಿಂದೆಯೇ ಬಂದವಳನ್ನು ನೋಡಿ ಅವನು ಎದ್ದು ನಿಂತ. ಎಂಟು ವರ್ಷ ಹೆಂಡತಿಯಾಗಿದ್ದವಳು. ಕಾಗದಕ್ಕೆ ಸಹಿ ಹಾಕಿ ಬೇರೆಯಾಗಿ ಆರು ವರ್ಷವಾಗಿತ್ತು.

"ಮೊಣಕಾಲು ನೋವು," ಎಂದಳು, ಕ್ಷೇಮ ಸಮಾಚಾರಕ್ಕೆ ಹೋಗದೆ. "ಮುಂದಿನ ತಿಂಗಳು ನೂರು ಕಿಲೋಮೀಟರ್ ಓಡಿಸೋದಿದೆ. ಇರೋ ಬರೋ ಅಂಗಡಿ ಎಲ್ಲಾ ಸುತ್ತಿದ್ದಾಯ್ತು. ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ಹಾಗೆ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು. ಗಾದೆ ಹೇಳುವವರು ಎದುರಿಗೆ ಯಾರಿದ್ದಾರೆಂದು ಒಂದು ಸಲ ನೋಡಿಕೊಳ್ಳಬೇಕು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಯಾವಾಗಿಂದ?" ಎಂದು ಅವನು ಕೇಳಿದ. ನೀನು ಎನ್ನಲು ಧೈರ್ಯವಿಲ್ಲ, ನೀವು ಎನ್ನಲು ಮನಸ್ಸಿಲ್ಲ.

"ಬೈಕ್ ತಗೊಂಡಾಗಿಂದ. ಮೂರು ತಿಂಗಳಾಯ್ತು. ಮೊಣಕಾಲಿನ ಮುಂಭಾಗ."

ಮುಂಭಾಗ ನೋಯುವುದೆಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದು ಅರ್ಥ. ಅವನು ಬೈಕನ್ನು ಸ್ಟ್ಯಾಂಡಿಗೆ ಏರಿಸಿದ. ಗೋಡೆಗೆ ತೂಗುಹಾಕಿದ್ದ ಅಳತೆಯ ಫಾರಮ್ಮನ್ನು ಮುಟ್ಟಲೂ ಇಲ್ಲ. ಪೆಡಲುಗಳು ಸುತ್ತುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ನೆತ್ತಿಗೆ ಅರವತ್ತೆಂಟೂವರೆ ಸೆಂಟಿಮೀಟರ್: ಅವಳ ಅಳತೆ ಅವನಿಗೆ ಮಗ್ಗಿಯಂತೆ ಬಾಯಿಪಾಠ. ಎಷ್ಟೋ ಬೆಳಿಗ್ಗೆ, ಹಾಸಿಗೆಯ ಇನ್ನೊಂದು ಬದಿ ಖಾಲಿಯಿರುವಾಗ, ಆ ಸಂಖ್ಯೆ ತಾನಾಗಿ ನೆನಪಿಗೆ ಬರುತ್ತಿತ್ತು. ಬೋಲ್ಟು ಸಡಿಲಿಸಿ, ಸೀಟಿನ ಕಂಬಿ ಏರಿಸಿ, ಒಂದೇ ಸಲಕ್ಕೆ ಬಿಗಿದ.

"ಅಳೆಯೋದಿಲ್ವಾ?"

"ಯಾಕೆ ಅಳೀಬೇಕು? ನಂಗೆ ಗೊತ್ತಿಲ್ದೇ ಇರೋ ಅಳತೆನಾ?"

ಅದನ್ನು ಹೇಳುವಾಗ ಅವನಿಗೆ ಆದ ಸುಖ ಅಷ್ಟಿಷ್ಟಲ್ಲ. ಆರು ವರ್ಷದಲ್ಲಿ ಏನೂ ಕಳೆದುಹೋಗಿಲ್ಲ, ಎಲ್ಲ ಇಲ್ಲೇ ಬೆರಳ ತುದಿಯಲ್ಲಿದೆ ಎಂದು ತೋರಿಸಿಕೊಟ್ಟಂತೆ. ಅವಳು ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಅವಳು ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದವನ ಮುಖ ಸಪ್ಪೆಯಾಯಿತು. ಪ್ರತಿ ತುಳಿತಕ್ಕೂ ಅವಳ ಸೊಂಟ ಎಡಕ್ಕೆ ಜಾರುತ್ತಿತ್ತು.

"ಈಗ ಮೊಣಕಾಲಿನ ಹಿಂದೆ ಎಳೀತಿದೆ," ಎಂದಳು. "ಎಡಗಡೆ."

"ಸಾಧ್ಯಾನೇ ಇಲ್ಲ. ಅಳತೆ ಸರಿಯಾಗಿದೆ."

ಹೇಳಿ ಮುಗಿಸುವ ಮೊದಲೇ ಆ ಮಾತು ಅವನಿಗೆ ಪರಿಚಿತವೆನಿಸಿತು. ಮದುವೆಯ ಕೊನೆಯ ಎರಡು ವರ್ಷ ಅವಳು ಏನು ನೋಯುತ್ತಿದೆ ಎಂದರೂ ಅವನ ಉತ್ತರ ಇದೇ. ಮನೆಯಲ್ಲಿ ಎಲ್ಲ ಸರಿಯಾಗಿಯೇ ಇದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಮ್ಮೆ ನಗುತ್ತಾ ಹೇಳಿಯೂ ಇದ್ದ. ಅವಳು ನಕ್ಕಿರಲಿಲ್ಲ. ಇವತ್ತೂ ನಗಲಿಲ್ಲ. ಗೋಡೆಗೆ ಒರಗಿ ಶೂ ಬಿಚ್ಚಿದಳು.

"ಎರಡು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದೆ. ತೊಡೆ ಮೂಳೆ ಮುರೀತು. ಒಳಗೆ ರಾಡ್ ಹಾಕಿದ್ದಾರೆ. ಈಗ ಎಡಗಾಲು ಒಂದು ಸೆಂಟಿಮೀಟರ್ ಗಿಡ್ಡ. ಫಾರಮ್ ತೆಗೀತೀರಿ, ಆಗ ಹೇಳೋಣ ಅಂತಿದ್ದೆ."

ಬೋಲ್ಟು ತಿರುಗಿಸುವ ಅಲೆನ್ ಕೀಯನ್ನು ಅವನು ಕೆಳಗಿಟ್ಟ. ಇಡೀ ಲೋಕದಲ್ಲಿ ಅವಳ ಕಾಲಿನ ಉದ್ದ ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದುಕೊಂಡಿದ್ದವನು ಅವನು.

"ಆಗ ಜೊತೆಗೆ ಯಾರಿದ್ರು?"

"ಅಕ್ಕ ಹದಿನೈದು ದಿನ ಇದ್ದಳು. ಆಮೇಲೆ ಗೋಡೆ ಇತ್ತು, ಹಿಡ್ಕೊಂಡು ನಡೀತಿದ್ದೆ."

"ಒಂದು ಫೋನ್ ಮಾಡಬಹುದಿತ್ತು."

"ಮಾಡಬಹುದಿತ್ತು," ಎಂದು ಅವಳು ಒಪ್ಪಿಕೊಂಡಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಆ ಗೋಡೆಯ ಜಾಗದಲ್ಲಿ ತಾನಿರಬೇಕಿತ್ತು ಎನಿಸಿತು.

ಅವನು ಫಾರಮ್ ತೆಗೆದ. ಹೊಸ ಗಿರಾಕಿಗೆ ಮಾಡುವಂತೆ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತೊಡೆಗಳ ನಡುವೆ ದಪ್ಪ ಪುಸ್ತಕ ಹಿಡಿಯಲು ಹೇಳಿ, ಪುಸ್ತಕದ ಮೇಲಂಚಿಗೆ ಪೆನ್ಸಿಲ್ ಗೆರೆ ಎಳೆದ. ಅವಳ ತಲೆಗೂದಲಿನ ವಾಸನೆ ಬದಲಾಗಿತ್ತು. ಹಿಮ್ಮಡಿ ಪೆಡಲ್ ಮೇಲಿಡಿಸಿ ಎರಡೂ ಕಾಲನ್ನು ಬೇರೆಬೇರೆಯಾಗಿ ನೋಡಿದ. ಗಿಡ್ಡ ಕಾಲಿನ ಕೊರತೆ ತುಂಬಲು ಎಡ ಶೂವಿನ ತಳಕ್ಕೂ ಅದನ್ನು ಪೆಡಲಿಗೆ ಕಚ್ಚಿಸುವ ಕೊಕ್ಕೆಗೂ ನಡುವೆ ತೆಳುವಾದ ಪಟ್ಟಿ ಸೇರಿಸಿದ. ಸೀಟನ್ನು ಏಳು ಮಿಲಿಮೀಟರ್ ಇಳಿಸಿದ, ಒಂದು ಚೂರು ಮುಂದಕ್ಕೆ ತಂದ. ಮೊಣಕಾಲಿನಿಂದ ಇಳಿಬಿಟ್ಟ ತೂಗುಗುಂಡು ಪೆಡಲಿನ ನಡುವಿಗೆ ಬಂದು ನಿಂತಿತು. ಪ್ರತಿ ಸಲವೂ ಅವನು ಟೇಪು ನೋಡುವ ಮೊದಲು ಅವಳ ಮುಖ ನೋಡಿದ.

"ನೋಯ್ತಿದ್ಯಾ?"

"ಸ್ವಲ್ಪ. ಹಿಂದೆ."

"ಈಗ?"

"ಕಮ್ಮಿ."

ಇನ್ನು ಎರಡೇ ಮಿಲಿಮೀಟರ್ ಇಳಿಸುವುದು ಬಾಕಿಯಿತ್ತು. ಅಲ್ಲಿ ಅವನ ಕೈ ನಿಂತಿತು. ಬ್ರೇಕು ಸವೆದವರು, ಚೈನು ಸಡಿಲಾದವರು ಮತ್ತೆ ಮತ್ತೆ ಬರುತ್ತಾರೆ; ಸೀಟು ಸರಿಯಾಗಿ ಕೂತವರು ಅಂಗಡಿಯ ಕಡೆ ತಲೆಯನ್ನೂ ಹಾಕುವುದಿಲ್ಲ. ಆ ಎರಡು ಮಿಲಿಮೀಟರ್ ಬಿಟ್ಟರೆ ಇವತ್ತು ಗೊತ್ತಾಗದು. ನಲವತ್ತು ಕಿಲೋಮೀಟರ್ ಓಡಿಸಿದ ಮೇಲೆ ಎಳೆಯುತ್ತದೆ, ಮುಂದಿನ ವಾರ ಬರಲೇಬೇಕಾಗುತ್ತದೆ. ಹಾಗೆ ನಾಲ್ಕು ಸಲ ಬಂದರೆ, ಐದನೇ ಸಲ ಕೂರು ಎನ್ನಬಹುದು. ಕೂತರೆ, ಮುಂದಿನದನ್ನು ಹೇಳಬಹುದು. ದೇವರೇ, ಎಷ್ಟು ಸುಲಭ.

ಅವಳು ಸೀಟಿನ ಮೇಲೆ ಕೂತು, ಹ್ಯಾಂಡಲ್ ಹಿಡಿದು, ಅವನ ನೆತ್ತಿಯನ್ನು ನೋಡುತ್ತಾ ಕಾಯುತ್ತಿದ್ದಳು. ಆ ಎಡಗಾಲು ಅವನ ಮುಖದ ಪಕ್ಕದಲ್ಲೇ ಇತ್ತು. ಗೋಡೆ ಹಿಡಿದು ನಡೆದ ಕಾಲು. "ಒಂದು ನಿಮಿಷ ಇಳಿ," ಎಂದ. ಎರಡು ಮಿಲಿಮೀಟರ್ ಇಳಿಸಿ ಬೋಲ್ಟು ಬಿಗಿದ.

ಅವಳು ಈ ಸಲ ದೂರ ಹೋದಳು. ಬಂದಾಗ ಬೆವರಿದ್ದಳು, ಮುಖ ಅರಳಿತ್ತು.

"ಎಲ್ಲಾದ್ರೂ ನೋವಿದ್ಯಾ?"

"ಎಲ್ಲೂ ಇಲ್ಲ."

"ಒಂದು ವಾರ ಓಡಿಸಿ ನೋಡು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬಾ. ಯಾವಾಗ ಬೇಕಾದ್ರೂ."

"ಏನೂ ಆಗಲ್ಲ ಬಿಡಿ," ಎಂದಳು ಅವಳು, ತುಂಬು ಮನಸ್ಸಿನಿಂದ. "ಈ ಸಲ ನೀವು ಕೇಳಿ ಮಾಡಿದ್ದೀರಲ್ಲ."

ಅವಳು ಹೊರಟಳು. ಬೀದಿಯ ತಿರುವಿನವರೆಗೂ ಅವಳ ಸೊಂಟ ಒಂದು ಚೂರೂ ಅಲುಗಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ಅವನು ಈವರೆಗೆ ಮಾಡಿರಲಿಲ್ಲ. ಮತ್ತೆ ಬರಲಿ, ಮತ್ತೆ ಬರಲಿ ಎಂದು ಅವನ ಜೀವವೆಲ್ಲ ಬೇಡುತ್ತಿತ್ತು. ಬರಲು ಇದ್ದ ಒಂದೇ ಒಂದು ಕಾರಣವನ್ನು ಅವನ ಕೈಯೇ ಈಗಷ್ಟೇ ಸರಿಮಾಡಿ ಕಳಿಸಿತ್ತು.